ವೇಗ, ವೇಗೋತ್ಕರ್ಷ ಮತ್ತು ಚಲನೆಯ ಲೆಕ್ಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಲನೆಯ ಲೆಕ್ಕ ಹೇಳಿಕೊಡಲು ಕೂತಾಗಲೆಲ್ಲ ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳುವವರು ಬೇರೆ ಬೇರೆ, ಎಡವುವ ಜಾಗ ಒಂದೇ. ಗಣಿತ ಬರದೆ ಲೆಕ್ಕ ತಪ್ಪುವವರು ಕಡಿಮೆ. ಲೆಕ್ಕವನ್ನು ಸರಿಯಾಗಿ ಓದದೆ ತಪ್ಪುವವರೇ ಜಾಸ್ತಿ. ಅದಕ್ಕೇ ಇಲ್ಲಿ ಸೂತ್ರಕ್ಕಿಂತ ಓದುವ ಬಗ್ಗೆಯೇ ಹೆಚ್ಚು ಮಾತಿದೆ.

ಲೆಕ್ಕ ಓದಿದ ತಕ್ಷಣ ತಲೆ ಖಾಲಿ ಆಗುತ್ತೆ. ಎಲ್ಲಿಂದ ಶುರು ಮಾಡಲಿ?

ಸೂತ್ರದಿಂದಂತೂ ಬೇಡ. ಮೊದಲು ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ವಸ್ತು ಎಲ್ಲಿಂದ ಹೊರಟಿತು, ಎಲ್ಲಿಗೆ ಬಂತು, ಯಾವ ಕಡೆ ಹೋಗುತ್ತಿದೆ ಎಂದು ಬಾಣ ಹಾಕಿ ಗುರುತಿಸಿ. ಚಿತ್ರ ಚೆಂದ ಇರಬೇಕಿಲ್ಲ. ಒಂದು ಚೌಕ ಬರೆದು ಇದೇ ಬಸ್ಸು ಅಂದುಕೊಂಡರೂ ಸಾಕು.

ಆಮೇಲೆ ಐದು ಅಕ್ಷರಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಯು ಅಂದರೆ ಮೊದಲಿದ್ದ ವೇಗ. ವಿ ಅಂದರೆ ಕೊನೆಯ ವೇಗ. ಎ ವೇಗೋತ್ಕರ್ಷ, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು. ಟಿ ಕಾಲ. ಎಸ್ ಸ್ಥಾನಪಲ್ಲಟ, ಅಂದರೆ ಹೊರಟಲ್ಲಿಂದ ನೇರವಾಗಿ ಎಷ್ಟು ದೂರ, ಯಾವ ಕಡೆಗೆ ಬಂತು ಅನ್ನುವುದು. ಕೊಟ್ಟಿರುವ ಸಂಖ್ಯೆಗಳನ್ನು ಅದರದರ ಮುಂದೆ ಬರೆಯಿರಿ. ಕೇಳಿರುವುದರ ಮುಂದೆ ಪ್ರಶ್ನೆಯ ಗುರುತು ಹಾಕಿ. ಐದರಲ್ಲಿ ಮೂರು ಗೊತ್ತಿದ್ದರೆ ಉಳಿದ ಎರಡನ್ನು ಹುಡುಕಬಹುದು. ಈ ಕೆಲಸಕ್ಕೆ ಒಂದು ನಿಮಿಷವೂ ಬೇಡ. ಆದರೂ ಎಷ್ಟೋ ಜನ ಇದನ್ನು ಬಿಟ್ಟು ನೇರ ಸೂತ್ರಕ್ಕೆ ಹಾರುತ್ತಾರೆ.

ನನ್ನ ಲೆಕ್ಕದಲ್ಲಿ ಎರಡೇ ಸಂಖ್ಯೆ ಇದೆ. ಮೂರನೆಯದನ್ನು ಎಲ್ಲಿಂದ ತರೋದು?

ಅದು ಮಾತಿನಲ್ಲಿ ಅಡಗಿರುತ್ತದೆ. ಈ ಲೆಕ್ಕ ನೋಡಿ: ‘ನಿಶ್ಚಲ ಸ್ಥಿತಿಯಿಂದ ಹೊರಟ ಬೈಕ್ 8 ಸೆಕೆಂಡಿನಲ್ಲಿ 16 ಮೀ/ಸೆ ವೇಗ ಪಡೆಯುತ್ತದೆ. ಅಷ್ಟರಲ್ಲಿ ಅದು ಎಷ್ಟು ದೂರ ಹೋಗಿರುತ್ತದೆ?’ (ಮೀ/ಸೆ ಅಂದರೆ ಸೆಕೆಂಡಿಗೆ ಇಷ್ಟು ಮೀಟರ್.) ಕಣ್ಣಿಗೆ ಕಾಣುವುದು 8 ಮತ್ತು 16. ಆದರೆ ‘ನಿಶ್ಚಲ ಸ್ಥಿತಿಯಿಂದ’ ಅನ್ನುವುದೂ ಒಂದು ಸಂಖ್ಯೆಯೇ. ಯು = 0 ಅಂತ ಅದರ ಅರ್ಥ. ಮೂರು ಸಿಕ್ಕವು. ವೇಗ ಒಂದೇ ಸಮನೆ ಏರಿದ್ದರೆ ಸರಾಸರಿ ವೇಗ 0 ಮತ್ತು 16ರ ನಡುವಿನ 8 ಮೀ/ಸೆ. ಅದು 8 ಸೆಕೆಂಡು ನಡೆದರೆ 64 ಮೀಟರ್. ಮುಗಿಯಿತು.

ಇಂಥ ಮಾತುಗಳು ನಾಲ್ಕೈದೇ ಇವೆ. ‘ಬಂದು ನಿಲ್ಲುತ್ತದೆ’ ಅಂದರೆ ವಿ = 0. ‘ಏಕರೂಪ ವೇಗದಲ್ಲಿ’ ಅಂದರೆ ಎ = 0. ‘ಗರಿಷ್ಠ ಎತ್ತರ’ ಅಂದರೆ ಆ ಜಾಗದಲ್ಲಿ ವಿ = 0. ‘ಕಟ್ಟಡದ ಮೇಲಿಂದ ಕೈಬಿಟ್ಟ ಕಲ್ಲು’ ಅನ್ನುವ ಒಂದೇ ಮಾತಿನಲ್ಲಿ ಎರಡು ಸಂಖ್ಯೆಗಳಿವೆ. ಯು = 0, ಎ = 9.8 ಮೀ/ಸೆ² (ಭೂಮಿಯ ಎಳೆತದಿಂದ ಬರುವ ವೇಗೋತ್ಕರ್ಷ ಇದು; ಈ ಏಕಮಾನದ ಅರ್ಥ ಮುಂದೆ ಬರುತ್ತದೆ). ‘ಕೈಬಿಟ್ಟ’ ಮತ್ತು ‘ಎಸೆದ’ ಬೇರೆ ಬೇರೆ. ಅವಸರದಲ್ಲಿ ಓದುವವರು ಇಲ್ಲೇ ಜಾರುವುದು.

ಜವ, ವೇಗ ಎರಡೂ ಒಂದೇ ಅಲ್ವಾ?

ಮಾತಿನಲ್ಲಿ ಒಂದೇ. ‘ಬಸ್ಸಿನ ಜವ ಜಾಸ್ತಿ ಆಯ್ತು’ ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಲೆಕ್ಕದಲ್ಲಿ ಮಾತ್ರ ಬೇರೆ. ಎಷ್ಟು ಬೇಗ ಅನ್ನುವುದಷ್ಟೇ ಜವ. ಎಷ್ಟು ಬೇಗ, ಯಾವ ಕಡೆಗೆ ಎಂದು ಎರಡನ್ನೂ ಹೇಳಿದರೆ ವೇಗ. ದೂರಕ್ಕೂ ಸ್ಥಾನಪಲ್ಲಟಕ್ಕೂ ಇರುವುದು ಇದೇ ವ್ಯತ್ಯಾಸ. 400 ಮೀಟರ್ ಸುತ್ತಳತೆಯ ಮೈದಾನವನ್ನು ಒಂದು ಸುತ್ತು ಓಡಿ ಹೊರಟಲ್ಲಿಗೇ ಬಂದರೆ ದೂರ 400 ಮೀಟರ್, ಸ್ಥಾನಪಲ್ಲಟ ಸೊನ್ನೆ. ಸರಾಸರಿ ವೇಗವೂ ಸೊನ್ನೆ. ಅಷ್ಟು ಓಡಿ ಬೆವರಿದವರಿಗೆ ಇದು ಅನ್ಯಾಯ ಅನ್ನಿಸಬಹುದು, ಆದರೆ ಲೆಕ್ಕ ಸರಿ.

ವೇಗೋತ್ಕರ್ಷ ಅಂದ್ರೆ ವೇಗ ಜಾಸ್ತಿ ಆಗೋದು ತಾನೇ?

ಹೆಸರೇ ದಾರಿ ತಪ್ಪಿಸುತ್ತದೆ. ಉತ್ಕರ್ಷ ಅಂದರೆ ಏರಿಕೆ. ಹಾಗಾಗಿ ಎಲ್ಲರೂ ವೇಗ ಏರುವುದು ಎಂದೇ ಹಿಡಿಯುತ್ತಾರೆ. ಆದರೆ ವೇಗ ಏರಿದರೂ ವೇಗೋತ್ಕರ್ಷ, ಇಳಿದರೂ ವೇಗೋತ್ಕರ್ಷ, ಸುಮ್ನೆ ದಿಕ್ಕು ಬದಲಾದರೂ ವೇಗೋತ್ಕರ್ಷವೇ. ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದೇ ಅದರ ಅರ್ಥ. ತಿರುವಿನಲ್ಲಿ ಸ್ಪೀಡೋಮೀಟರ್ ಮುಳ್ಳು 40ರಲ್ಲೇ ನಿಂತಿರುತ್ತದೆ. ಆದರೂ ಕಾರಿಗೆ ವೇಗೋತ್ಕರ್ಷ ಇರುತ್ತದೆ, ಯಾಕೆಂದರೆ ದಿಕ್ಕು ಬದಲಾಗುತ್ತಿದೆ.

ನಿಮ್ಮ ಮೈಗೆ ಇದು ಚೆನ್ನಾಗಿ ಗೊತ್ತು. ಗಂಟೆಗೆ 900 ಕಿಮೀ ಹೋಗುವ ವಿಮಾನದಲ್ಲಿ ಲೋಟದ ನೀರು ಅಲುಗುವುದಿಲ್ಲ. ಗಂಟೆಗೆ 20 ಕಿಮೀ ಹೋಗುವ ಬಸ್ಸು ಗಕ್ಕನೆ ನಿಂತರೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ನಮ್ಮನ್ನು ಅಲುಗಾಡಿಸುವುದು ವೇಗವಲ್ಲ, ವೇಗದಲ್ಲಾಗುವ ಬದಲಾವಣೆ.

ಸೆಕೆಂಡಿನ ವರ್ಗ ಅಂದ್ರೆ ಏನು? ಕಾಲಕ್ಕೆ ವರ್ಗ ಎಲ್ಲಿಂದ ಬಂತು?

ಬಿಡಿಸಿ ಓದಿದರೆ ಗೊಂದಲ ಹೋಗುತ್ತದೆ. 3 ಮೀ/ಸೆ² ಅಂದರೆ ‘ಪ್ರತಿ ಸೆಕೆಂಡಿಗೂ ವೇಗ 3 ಮೀ/ಸೆ ಬದಲಾಗುತ್ತದೆ’ ಅಂತ. ಒಂದು ‘ಸೆಕೆಂಡಿಗೆ’ ವೇಗದ ಏಕಮಾನದೊಳಗೇ ಇತ್ತು. ಇನ್ನೊಂದು ಬದಲಾವಣೆಯಿಂದ ಬಂತು. ನಿಂತಿದ್ದ ಗಾಡಿ 1 ಸೆಕೆಂಡಿಗೆ 3, 2 ಸೆಕೆಂಡಿಗೆ 6, 3 ಸೆಕೆಂಡಿಗೆ 9 ಮೀ/ಸೆ. ಅಷ್ಟೇ.

ಕಿಮೀ/ಗಂ ಅನ್ನು ಮೀ/ಸೆ ಮಾಡಲೇಬೇಕಾ?

ಮಾಡಲೇಬೇಕು. ಒಂದು ಕಿಲೋಮೀಟರಿಗೆ 1000 ಮೀಟರ್, ಒಂದು ಗಂಟೆಗೆ 3600 ಸೆಕೆಂಡು. ಹಾಗಾಗಿ ಕಿಮೀ/ಗಂ ಅನ್ನು 3.6ರಿಂದ ಭಾಗಿಸಿದರೆ ಮೀ/ಸೆ ಸಿಗುತ್ತದೆ. 5/18ರಿಂದ ಗುಣಿಸಿದರೂ ಅದೇ. 18, 36, 54, 72, 90 ಈ ಐದು ಕ್ರಮವಾಗಿ 5, 10, 15, 20, 25 ಆಗುತ್ತವೆ. ಲೆಕ್ಕ ಬರೆಯುವವರಿಗೆ ಈ ಸಂಖ್ಯೆಗಳ ಮೇಲೆ ಬಲು ಪ್ರೀತಿ. 54 ಕಂಡರೆ 15 ಎಂದು ಬಾಯಿಗೆ ಬರಬೇಕು.

ನಾನು ಓದುವಾಗ ಒಂದು ಪರೀಕ್ಷೆಯಲ್ಲಿ 54 ಅನ್ನು ಹಾಗೇ ಸಮೀಕರಣಕ್ಕೆ ಹಾಕಿದ್ದೆ. ಬ್ರೇಕ್ ಹಾಕಿದ ಕಾರಿನ ಲೆಕ್ಕ, ವೇಗ ಸೆಕೆಂಡಿಗೆ 2 ಮೀ/ಸೆ ಇಳಿಯುತ್ತಿತ್ತು. ನನ್ನ ಕಾರು 729 ಮೀಟರ್ ಹೋಗಿ ನಿಂತಿತ್ತು. ನಿಜವಾದ ಉತ್ತರ 56.25 ಮೀಟರ್. ಏಕಮಾನದ ತಪ್ಪು 3.6 ಪಟ್ಟು, ಆದರೆ ಅಲ್ಲಿ ವೇಗಕ್ಕೆ ವರ್ಗ ಇತ್ತಲ್ಲ, ಹಾಗಾಗಿ ಉತ್ತರ ಸುಮಾರು 13 ಪಟ್ಟು ಹಿಗ್ಗಿತ್ತು. ಮುಕ್ಕಾಲು ಕಿಲೋಮೀಟರ್ ಜಾರುವ ಕಾರು ಎಲ್ಲಾದರೂ ಉಂಟಾ ಅಂತ ಆಗ ಹೊಳೆಯಲೇ ಇಲ್ಲ.

ಯಾವ ಸಮೀಕರಣ ಯಾವಾಗ ಬಳಸಬೇಕು?

ನಾಲ್ಕು ಸಮೀಕರಣಗಳಿವೆ. ಒಂದೊಂದರಲ್ಲೂ ಐದು ಅಕ್ಷರಗಳಲ್ಲಿ ಒಂದು ಇರುವುದಿಲ್ಲ. ಗುಟ್ಟು ಇರುವುದು ಅಲ್ಲೇ.

ವಿ = ಯು + ಎ × ಟಿ (ಇದರಲ್ಲಿ ಎಸ್ ಇಲ್ಲ)
ಎಸ್ = ಯು × ಟಿ + ½ × ಎ × ಟಿ² (ವಿ ಇಲ್ಲ)
ವಿ² = ಯು² + 2 × ಎ × ಎಸ್ (ಟಿ ಇಲ್ಲ)
ಎಸ್ = ½ × (ಯು + ವಿ) × ಟಿ (ಎ ಇಲ್ಲ)

ನಿಮ್ಮ ಪಟ್ಟಿಯಲ್ಲಿ ಯಾವುದನ್ನು ಕೊಟ್ಟೂ ಇಲ್ಲ, ಕೇಳಿಯೂ ಇಲ್ಲ ಅಂತ ನೋಡಿ. ಆ ಅಕ್ಷರ ಇಲ್ಲದ ಸಮೀಕರಣವೇ ನಿಮಗೆ ಬೇಕಾದ್ದು. ಕಾಲದ ಸುದ್ದಿಯೇ ಇಲ್ಲದ ಲೆಕ್ಕಕ್ಕೆ ಮೂರನೆಯದು. ಬಹಳ ಪುಸ್ತಕಗಳು ಮೊದಲ ಮೂರನ್ನೇ ಕೊಡುತ್ತವೆ. ನನಗೆ ಹೆಚ್ಚು ಇಷ್ಟ ನಾಲ್ಕನೆಯದು. ‘ಸರಾಸರಿ ವೇಗ ಗುಣಿಸು ಕಾಲ’ ಅನ್ನುವ ಸರಳ ಮಾತು ಅದು. ಮೇಲಿನ ಬೈಕಿನ ಲೆಕ್ಕ ಬಿಡಿಸಿದ್ದು ಅದರಿಂದಲೇ.

ಒಂದು ಷರತ್ತು ಮರೆಯಬೇಡಿ. ವೇಗೋತ್ಕರ್ಷ ಉದ್ದಕ್ಕೂ ಒಂದೇ ಆಗಿದ್ದರೆ ಮಾತ್ರ ಈ ನಾಲ್ಕೂ ನಡೆಯುತ್ತವೆ.

ಇವನ್ನೆಲ್ಲ ಬಾಯಿಪಾಠ ಮಾಡಲೇಬೇಕಾ?

ಒಂದು ಚಿತ್ರ ನೆನಪಿದ್ದರೆ ಸಾಕು. ಅಡ್ಡಕ್ಕೆ ಕಾಲ, ಉದ್ದಕ್ಕೆ ವೇಗ ಇಟ್ಟು ವೇಗ-ಕಾಲ ನಕ್ಷೆ ಬರೆಯಿರಿ. ವೇಗ ಸಮನಾಗಿ ಏರುತ್ತಿದ್ದರೆ ಯು ಎತ್ತರದಿಂದ ಹೊರಟು ವಿ ಎತ್ತರಕ್ಕೆ ಹೋಗುವ ಓರೆಗೆರೆ ಬರುತ್ತದೆ. ಗೆರೆ ಎಷ್ಟು ಓರೆಯಾಗಿದೆ ಅನ್ನುವುದೇ ವೇಗೋತ್ಕರ್ಷ. ಅದರ ಕೆಳಗಿನ ಜಾಗದ ವಿಸ್ತೀರ್ಣವೇ ಸ್ಥಾನಪಲ್ಲಟ. ಆ ಜಾಗವನ್ನು ಒಂದು ಆಯತ, ಅದರ ಮೇಲೊಂದು ತ್ರಿಕೋನ ಎಂದು ನೋಡಿ. ಆಯತ ಯು × ಟಿ. ತ್ರಿಕೋನ ½ × ಎ × ಟಿ². ಎರಡನ್ನೂ ಕೂಡಿದರೆ ಎರಡನೇ ಸಮೀಕರಣ ತಾನೇ ಎದ್ದು ನಿಂತಿತು. ಅದೇ ಜಾಗವನ್ನು ಇಡಿಯಾಗಿ ತ್ರಾಪಿಜ್ಯ ಎಂದು ನೋಡಿದರೆ ನಾಲ್ಕನೆಯದು.

ಈ ಚಿತ್ರಕ್ಕೆ ವಯಸ್ಸಾಗಿದೆ. 14ನೇ ಶತಮಾನದಲ್ಲಿ ಫ್ರಾನ್ಸಿನ ವಿದ್ವಾಂಸ ನಿಕೋಲ್ ಒರೆಸ್ಮ್ ಹೀಗೇ ವಿಸ್ತೀರ್ಣ ಬರೆದು ಸರಾಸರಿ ವೇಗದ ನಿಯಮವನ್ನು ತೋರಿಸಿದ್ದ. ಗೆಲಿಲಿಯೋ ಹುಟ್ಟಿದ್ದು 1564ರಲ್ಲಿ, ಅಂದರೆ ಅವನಿಗಿಂತ ಇನ್ನೂರು ವರ್ಷ ಆಮೇಲೆ.

ನಕ್ಷೆಯಲ್ಲಿ ಅಡ್ಡಗೆರೆ ಇದ್ದರೆ ವಸ್ತು ನಿಂತಿದೆ ಅಂತ ಅಲ್ವಾ?

ಉದ್ದಕ್ಕೆ ಏನು ಬರೆದಿದ್ದಾರೆ ನೋಡಿ. ದೂರ-ಕಾಲ ನಕ್ಷೆಯಾದರೆ ಹೌದು, ನಿಂತಿದೆ. ವೇಗ-ಕಾಲ ನಕ್ಷೆಯಾದರೆ ಅದೇ ವೇಗದಲ್ಲಿ ಓಡುತ್ತಿದೆ.

ಮೈನಸ್ ಎಲ್ಲಿ ಹಾಕಬೇಕು ಅಂತಾನೇ ಗೊತ್ತಾಗಲ್ಲ.

ಲೆಕ್ಕದ ಶುರುವಿನಲ್ಲೇ ಒಂದು ದಿಕ್ಕನ್ನು ಪ್ಲಸ್ ಎಂದು ಆರಿಸಿ. ಯಾವುದಾದರೂ ಸರಿ. ಆರಿಸಿದ ಮೇಲೆ ಕೊನೆವರೆಗೂ ಬದಲಿಸಬೇಡಿ. ಮೇಲ್ಮುಖ ಪ್ಲಸ್ ಎಂದುಕೊಂಡರೆ ಮೇಲಕ್ಕೆ ಎಸೆದ ಚೆಂಡಿಗೆ ಯು ಪ್ಲಸ್, ಎ ಮೈನಸ್ 9.8. ಚೆಂಡು ಏರುತ್ತಿರಲಿ, ಇಳಿಯುತ್ತಿರಲಿ, ಎ ಮೈನಸ್ಸೇ. ಏಕೆಂದರೆ ಭೂಮಿ ಎಳೆಯುವ ದಿಕ್ಕು ನಡುವೆ ಬದಲಾಗಿಲ್ಲ. ಬಹಳ ಮಂದಿ ಏರುವಾಗ ಮೈನಸ್, ಇಳಿಯುವಾಗ ಪ್ಲಸ್ ಎಂದು ಕಲಿತಿರುತ್ತಾರೆ. ಲೆಕ್ಕವನ್ನು ಎರಡು ತುಂಡು ಮಾಡಿ, ಒಂದೊಂದಕ್ಕೂ ಬೇರೆ ದಿಕ್ಕು ಆರಿಸಿದರೆ ಅದು ನಡೆಯುತ್ತದೆ. ಒಂದೇ ಸಮೀಕರಣದಲ್ಲಿ ಎರಡನ್ನೂ ಬೆರೆಸಿದರೆ ಕೆಡುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮೈನಸ್ ವೇಗೋತ್ಕರ್ಷ ಅಂದರೆ ನಿಧಾನ ಆಗುತ್ತಿದೆ ಅಂತ ಗ್ಯಾರಂಟಿ ಇಲ್ಲ. ರಿವರ್ಸ್ ಹೋಗುತ್ತಿರುವ ಕಾರು ಇನ್ನೂ ಜೋರಾಗಿ ಹಿಂದಕ್ಕೆ ಹೋಗತೊಡಗಿದರೆ ಅದರ ವೇಗವೂ ಮೈನಸ್, ವೇಗೋತ್ಕರ್ಷವೂ ಮೈನಸ್. ಎರಡರ ಚಿಹ್ನೆ ಒಂದೇ ಇದ್ದರೆ ಜವ ಏರುತ್ತದೆ, ಬೇರೆ ಬೇರೆ ಇದ್ದರೆ ಇಳಿಯುತ್ತದೆ.

ಬ್ರೇಕ್ ಹಾಕುವ ಲೆಕ್ಕವನ್ನು ಒಮ್ಮೆ ಪೂರ್ತಿ ಬಿಡಿಸಿ ತೋರಿಸ್ತೀರಾ?

ಖಂಡಿತ. ‘72 ಕಿಮೀ/ಗಂ ವೇಗದಲ್ಲಿ ಹೋಗುತ್ತಿರುವ ಕಾರಿನ ಚಾಲಕನಿಗೆ ದಾರಿಯಲ್ಲಿ ಬಿದ್ದ ಮರ ಕಾಣುತ್ತದೆ. ಬ್ರೇಕ್ ಒತ್ತಲು ಅವನಿಗೆ 1 ಸೆಕೆಂಡು ಹಿಡಿಯುತ್ತದೆ. ಒತ್ತಿದ ಮೇಲೆ ವೇಗ ಸೆಕೆಂಡಿಗೆ 5 ಮೀ/ಸೆ ಇಳಿಯುತ್ತದೆ. ಕಾರು ನಿಲ್ಲುವಷ್ಟರಲ್ಲಿ ಎಷ್ಟು ದೂರ ಹೋಗಿರುತ್ತದೆ?’

ಇಲ್ಲಿ ಕಥೆ ಎರಡು ಭಾಗ. ಮರ ಕಂಡ ಮೊದಲ ಸೆಕೆಂಡಿನಲ್ಲಿ ಕಾರಿಗೆ ಏನೂ ಆಗಿಲ್ಲ, ಅದು 20 ಮೀ/ಸೆ ವೇಗದಲ್ಲೇ ಹೋಗುತ್ತಿದೆ. ಹೋದ ದೂರ 20 ಮೀಟರ್. ಎರಡನೇ ಭಾಗದಲ್ಲಿ ಯು = 20, ವಿ = 0, ಎ = −5. ಎಸ್ ಬೇಕು, ಟಿ ಬೇಡ. ಹಾಗಾಗಿ ಮೂರನೇ ಸಮೀಕರಣ. 0 = 400 − 10 × ಎಸ್. ಎಸ್ = 40 ಮೀಟರ್. ಒಟ್ಟು 60 ಮೀಟರ್.

ಈಗ ವೇಗವನ್ನು ದುಪ್ಪಟ್ಟು ಮಾಡಿ, 144 ಕಿಮೀ/ಗಂ. ಮೊದಲ ಭಾಗ 40 ಮೀಟರ್ ಆಯಿತು, ದುಪ್ಪಟ್ಟು. ಎರಡನೇ ಭಾಗ 1600ನ್ನು 10ರಿಂದ ಭಾಗಿಸಿದರೆ 160 ಮೀಟರ್, ನಾಲ್ಕು ಪಟ್ಟು. ಒಟ್ಟು 200. ವೇಗ ಎರಡರಷ್ಟಾದರೆ ನಿಲ್ಲುವ ದೂರ ಮೂರು ಪಟ್ಟಿಗೂ ಮೀರಿ ಹೋಯಿತು. ಎಲ್ಲಕ್ಕೂ ಕಾರಣ ಆ ವರ್ಗ.

ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ನಿಲ್ಲುತ್ತೆ. ಅಲ್ಲಿ ವೇಗೋತ್ಕರ್ಷವೂ ಸೊನ್ನೆ ತಾನೇ?

ಅಲ್ಲ. ಬಹುಶಃ ಅತಿ ಹೆಚ್ಚು ಜನ ತಪ್ಪುವ ಪ್ರಶ್ನೆ ಇದೇ. ವೇಗ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಎಂದರೆ ವೇಗ ಬದಲಾಗುವಂತಿಲ್ಲ. ಹಾಗಾದರೆ ಚೆಂಡು ಗಾಳಿಯಲ್ಲೇ ನಿಂತುಬಿಡಬೇಕು.

ಹತ್ತಿರದಿಂದ ನೋಡೋಣ. ತುದಿ ಮುಟ್ಟುವ 0.1 ಸೆಕೆಂಡು ಮೊದಲು ಚೆಂಡಿನ ವೇಗ ಮೇಲಕ್ಕೆ 0.98 ಮೀ/ಸೆ. ತುದಿ ದಾಟಿದ 0.1 ಸೆಕೆಂಡಿಗೆ ಕೆಳಕ್ಕೆ 0.98 ಮೀ/ಸೆ. ಅಂದರೆ 0.2 ಸೆಕೆಂಡಿನಲ್ಲಿ +0.98ರಿಂದ −0.98ಕ್ಕೆ, ಒಟ್ಟು 1.96 ಬದಲಾಗಿದೆ. ಭಾಗಿಸಿ ನೋಡಿ, 9.8 ಬರುತ್ತದೆ. ತುದಿಯಲ್ಲೂ ಭೂಮಿ ಎಳೆಯುವುದನ್ನು ಬಿಟ್ಟಿಲ್ಲ.

ಭಾರದ ವಸ್ತು ಬೇಗ ಬೀಳಲ್ವಾ? ಸಮೀಕರಣದಲ್ಲಿ ತೂಕವೇ ಇಲ್ಲವಲ್ಲ?

ಇಲ್ಲ, ಬೇಕಿಲ್ಲ. ಭಾರದ ವಸ್ತುವನ್ನು ಭೂಮಿ ಜಾಸ್ತಿ ಎಳೆಯುತ್ತದೆ, ನಿಜ. ಆದರೆ ಅದನ್ನು ಅಲ್ಲಾಡಿಸುವುದೂ ಅಷ್ಟೇ ಕಷ್ಟ. ರಾಶಿ ಎರಡರಷ್ಟಾದರೆ ಎಳೆತವೂ ಎರಡರಷ್ಟು, ಜಡತ್ವವೂ ಎರಡರಷ್ಟು. ಒಂದಕ್ಕೊಂದು ಹೊಡೆದುಹೋಗಿ ವೇಗೋತ್ಕರ್ಷ ಅಷ್ಟೇ ಉಳಿಯುತ್ತದೆ.

ಹಕ್ಕಿಯ ಗರಿ ನಿಧಾನಕ್ಕೆ ಬೀಳುವುದು ಗಾಳಿಯ ತಡೆಯಿಂದ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ ಮತ್ತು ಗಿಡುಗದ ಗರಿಯನ್ನು ಒಟ್ಟಿಗೆ ಕೈಬಿಟ್ಟರು. ಅಲ್ಲಿ ಗಾಳಿ ಇಲ್ಲ. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಚಂದ್ರನಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 1.6 ಮೀ/ಸೆ². ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟರೆ ಅಲ್ಲಿ ಸುಮಾರು 1.4 ಸೆಕೆಂಡು ಬೇಕು, ಇಲ್ಲಿ 0.55 ಸಾಕು.

ಹಾಗಾದ್ರೆ ಗಾಳಿಯನ್ನು ಬಿಟ್ಟು ಲೆಕ್ಕ ಮಾಡೋದು ಮೋಸ ಅಲ್ವಾ?

ಕಲ್ಲು, ಕಬ್ಬಿಣದ ಗುಂಡು ಕೆಲವು ಮೀಟರ್ ಬೀಳುವಾಗ ವ್ಯತ್ಯಾಸ ತೀರಾ ಕಡಿಮೆ. ಮಳೆಹನಿಗೆ ಮಾತ್ರ ಹಾಗೆ ಮಾಡಿದರೆ ಕೆಟ್ಟೆವು. 1000 ಮೀಟರ್ ಮೇಲಿಂದ ಗಾಳಿಯೇ ಇಲ್ಲದೆ ಬಿದ್ದರೆ ಹನಿಯ ವೇಗ 140 ಮೀ/ಸೆ, ಅಂದರೆ ಗಂಟೆಗೆ 500 ಕಿಮೀಗೂ ಜಾಸ್ತಿ. ನಿಜದಲ್ಲಿ ದೊಡ್ಡ ಹನಿಯೂ ಸುಮಾರು 9 ಮೀ/ಸೆ ವೇಗಕ್ಕೆ ಬಂದು ಅಲ್ಲೇ ಉಳಿಯುತ್ತದೆ. ಗಾಳಿಯ ತಡೆ ಅದರ ತೂಕಕ್ಕೆ ಸಮ ಆಗಿಬಿಡುತ್ತದೆ. ಹಾಗಾಗಿಯೇ ಮಳೆಯಲ್ಲಿ ನೆನೆದರೆ ನೆಗಡಿಯಷ್ಟೇ.

9.8 ಹಾಕಬೇಕಾ, 10 ಹಾಕಬೇಕಾ?

ಲೆಕ್ಕದಲ್ಲಿ 10 ಎಂದು ಹೇಳಿದ್ದರೆ 10. ಏನೂ ಹೇಳದಿದ್ದರೆ 9.8. ಮನಸ್ಸಿನಲ್ಲೇ ಅಂದಾಜು ಮಾಡುವಾಗ 10 ಒಳ್ಳೆಯದು. ಭೂಮಿಯ ಮೇಲೆ ಎಲ್ಲ ಕಡೆ ಒಂದೇ ಬೆಲೆ ಇಲ್ಲ. ಸಮಭಾಜಕದ ಬಳಿ 9.78, ಧ್ರುವಗಳಲ್ಲಿ 9.83. 1901ರಲ್ಲಿ ಪ್ರಮಾಣ ಬೆಲೆಯಾಗಿ 9.80665 ಎಂದು ಗೊತ್ತುಮಾಡಿದರು. ಅಷ್ಟು ಉದ್ದ ಬರೆಯುವ ಅಗತ್ಯ ನಮಗಿಲ್ಲ.

ಬೀಳುವ ವಸ್ತುವಿನ ಲೆಕ್ಕವನ್ನು ಕೈಯಾರೆ ಮಾಡಿ ನೋಡಬಹುದಾ?

ಒಂದು 30 ಸೆಂಟಿಮೀಟರ್ ಸ್ಕೇಲು ಸಾಕು. ಗೆಳೆಯನೊಬ್ಬ ಅದನ್ನು ನೇರ ನಿಲ್ಲಿಸಿ ಮೇಲ್ತುದಿ ಹಿಡಿದುಕೊಳ್ಳಲಿ. ಕೆಳಗೆ ಸೊನ್ನೆ ಗುರುತಿನ ಬಳಿ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಮುಟ್ಟದಂತೆ ಅಗಲಿಸಿ ಇಡಿ. ಹೇಳದೆ ಕೇಳದೆ ಅವನು ಬಿಟ್ಟಾಗ ಹಿಡಿಯಬೇಕು. ಬೆರಳು ಯಾವ ಗುರುತಿನ ಮೇಲೆ ಬಿತ್ತು ನೋಡಿ. 20 ಸೆಂಮೀ ಎಂದುಕೊಳ್ಳಿ. ಎಸ್ = 0.20 ಮೀಟರ್, ಯು = 0, ಎ = 9.8. ಎರಡನೇ ಸಮೀಕರಣದಿಂದ ಟಿ² = 0.40 ÷ 9.8. ಟಿ ಸುಮಾರು 0.2 ಸೆಕೆಂಡು. ಕಣ್ಣು ಕಂಡು ಕೈ ಮುಚ್ಚಲು ನಿಮಗೆ ಹಿಡಿಯುವ ಕಾಲ ಅದು. ಸೆಂಟಿಮೀಟರನ್ನು ಮೀಟರ್ ಮಾಡದೆ 20 ಎಂದೇ ಹಾಕಿದರೆ 2 ಸೆಕೆಂಡು ಬರುತ್ತದೆ. ಅಷ್ಟು ಹೊತ್ತಿಗೆ ಸ್ಕೇಲು ನೆಲ ಸೇರಿ ಬಹಳ ಹೊತ್ತಾಗಿರುತ್ತದೆ.

‘4 ಸೆಕೆಂಡಿನಲ್ಲಿ’ ಮತ್ತು ‘4ನೇ ಸೆಕೆಂಡಿನಲ್ಲಿ’ ಬೇರೆ ಬೇರೆನಾ?

ಬೇರೆಯೇ. 4ನೇ ಸೆಕೆಂಡು ಅಂದರೆ 3 ಮುಗಿದಲ್ಲಿಂದ 4 ಮುಗಿಯುವವರೆಗಿನ ಒಂದೇ ಒಂದು ಸೆಕೆಂಡು. 4 ಸೆಕೆಂಡಿನ ದೂರದಿಂದ 3 ಸೆಕೆಂಡಿನ ದೂರ ಕಳೆದರೆ ಆಯಿತು, ಅದಕ್ಕೊಂದು ಪ್ರತ್ಯೇಕ ಸೂತ್ರ ಬೇಡ. ನಿಂತಲ್ಲಿಂದ 2 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಟರೆ 4 ಸೆಕೆಂಡಿಗೆ 16 ಮೀಟರ್, 3 ಸೆಕೆಂಡಿಗೆ 9 ಮೀಟರ್. 4ನೇ ಸೆಕೆಂಡಿನಲ್ಲಿ 7 ಮೀಟರ್.

ಒಂದೊಂದೇ ಸೆಕೆಂಡಿನ ದೂರ ಬರೆದು ನೋಡಿ: 1, 3, 5, 7. ಬೆಸ ಸಂಖ್ಯೆಗಳ ಸಾಲು. ಗೆಲಿಲಿಯೋ ಕಂಡುಕೊಂಡಿದ್ದು ಇದನ್ನೇ. ಬೀಳುವ ವಸ್ತು ಅಳೆಯಲಾಗದಷ್ಟು ಬೇಗ ಬೀಳುತ್ತದೆ ಎಂದು ಅವನು ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿದ. ಪಾತ್ರೆಯಿಂದ ಸಣ್ಣಗೆ ಹರಿದು ಬಂದ ನೀರನ್ನು ತೂಗಿ ಕಾಲ ಅಳೆದ. ಆ ಫಲಿತಾಂಶ ಅಚ್ಚಾದದ್ದು 1638ರಲ್ಲಿ.

ಹೋಗುವಾಗ 40, ಬರುವಾಗ 60. ಸರಾಸರಿ 50 ಅಲ್ವಾ?

48. ಸರಾಸರಿ ಜವ ಅಂದರೆ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸುವುದು. ದೂರ 120 ಕಿಮೀ ಎಂದುಕೊಳ್ಳಿ. ಹೋಗಲು 3 ಗಂಟೆ, ಬರಲು 2 ಗಂಟೆ. 240ನ್ನು 5ರಿಂದ ಭಾಗಿಸಿದರೆ 48. ನಿಧಾನವಾಗಿ ಹೋದಾಗ ಹೆಚ್ಚು ಹೊತ್ತು ಕಳೆಯುತ್ತೇವೆ, ಅದಕ್ಕೇ ಸರಾಸರಿ ಆ ಕಡೆಗೆ ವಾಲುತ್ತದೆ. ಎರಡು ವೇಗ ಕೂಡಿ ಅರ್ಧ ಮಾಡುವುದು ವೇಗ ಒಂದೇ ಸಮನೆ ಏರುವಾಗ ಅಥವಾ ಇಳಿಯುವಾಗ ನಡೆಯುತ್ತದೆ. ಇಲ್ಲಿ ಹಾಗಿಲ್ಲ.

ನಡುವೆ ವೇಗೋತ್ಕರ್ಷ ಬದಲಾದರೆ ಏನು ಮಾಡೋದು?

ಬದಲಾದಲ್ಲೆಲ್ಲ ಕತ್ತರಿಸಿ. ರೈಲೊಂದು ನಿಂತಲ್ಲಿಂದ 0.5 ಮೀ/ಸೆ² ವೇಗೋತ್ಕರ್ಷದಲ್ಲಿ 20 ಮೀ/ಸೆ ಮುಟ್ಟುತ್ತದೆ. ಅದೇ ವೇಗದಲ್ಲಿ 60 ಸೆಕೆಂಡು ಓಡುತ್ತದೆ. ಆಮೇಲೆ ವೇಗ ಸೆಕೆಂಡಿಗೆ 1 ಮೀ/ಸೆ ಇಳಿಯುತ್ತಾ ಬಂದು ನಿಲ್ಲುತ್ತದೆ. ಮೊದಲ ತುಂಡು 40 ಸೆಕೆಂಡು, 400 ಮೀಟರ್. ಎರಡನೆಯದು 1200 ಮೀಟರ್. ಮೂರನೆಯದು 20 ಸೆಕೆಂಡು, 200 ಮೀಟರ್. ಒಟ್ಟು 120 ಸೆಕೆಂಡಿಗೆ 1800 ಮೀಟರ್. ಒಂದು ತುಂಡಿನ ಕೊನೆಯ ವೇಗವೇ ಮುಂದಿನ ತುಂಡಿನ ಮೊದಲ ವೇಗ. ಈ ಕೊಂಡಿ ಮಾತ್ರ ತಪ್ಪಬಾರದು.

ಒಂದು ಗಾಡಿ ಇನ್ನೊಂದನ್ನು ಹಿಡಿಯುವ ಲೆಕ್ಕ ಹೇಗೆ?

ಎರಡಕ್ಕೂ ಬೇರೆ ಬೇರೆ ಪಟ್ಟಿ ಮಾಡಿ. ಹಿಡಿಯುವ ಕ್ಷಣದಲ್ಲಿ ಇಬ್ಬರೂ ಒಂದೇ ಜಾಗದಲ್ಲಿರುತ್ತಾರೆ, ಅಂದರೆ ಎರಡು ಎಸ್ ಸಮ. ಲೆಕ್ಕದ ಕೀಲಿ ಅದೇ. 20 ಮೀ/ಸೆ ಏಕರೂಪ ವೇಗದ ಕಾರು ಪಕ್ಕದಲ್ಲಿ ಹಾದ ಕ್ಷಣವೇ ನಿಂತಿದ್ದ ಬೈಕ್ 4 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಡುತ್ತದೆ. 20 × ಟಿ = 2 × ಟಿ². ಟಿ = 10 ಸೆಕೆಂಡು, ದೂರ 200 ಮೀಟರ್.

ಹಿಡಿದಾಗ ಬೈಕಿನ ವೇಗ ನೋಡಿ, 40 ಮೀ/ಸೆ. ಕಾರಿನ ಸರಿಯಾಗಿ ದುಪ್ಪಟ್ಟು. ವೇಗೋತ್ಕರ್ಷ 4 ಬದಲು 1 ಇದ್ದಿದ್ದರೂ, 7 ಇದ್ದಿದ್ದರೂ ದುಪ್ಪಟ್ಟೇ ಬರುತ್ತಿತ್ತು. ಅಷ್ಟೇ ಹೊತ್ತಿನಲ್ಲಿ ಅಷ್ಟೇ ದೂರ ಹೋಗಬೇಕಾದರೆ ಬೈಕಿನ ಸರಾಸರಿ ವೇಗ 20 ಇರಬೇಕು. ಸೊನ್ನೆಯಿಂದ ಸಮನಾಗಿ ಏರಿದವರ ಸರಾಸರಿ 20 ಆಗಬೇಕಾದರೆ ಕೊನೆಗೆ 40 ಇರಲೇಬೇಕು. ‘ಹಿಡಿದಾಗ ಇಬ್ಬರ ವೇಗ ಸಮ’ ಎಂದು ಬರೆಯುವವರು ಇದನ್ನೊಮ್ಮೆ ಯೋಚಿಸಿ.

ಕಾಲಕ್ಕೆ ಎರಡು ಉತ್ತರ ಬಂತು. ಯಾವುದು ಸರಿ?

ಕೆಲವೊಮ್ಮೆ ಎರಡೂ. 25 ಮೀ/ಸೆ ವೇಗದಲ್ಲಿ ಮೇಲಕ್ಕೆ ಎಸೆದ ಚೆಂಡು 20 ಮೀಟರ್ ಎತ್ತರದಲ್ಲಿ ಯಾವಾಗ ಇರುತ್ತದೆ? ಗುರುತ್ವ 10 ಎಂದುಕೊಂಡರೆ 1 ಸೆಕೆಂಡು ಮತ್ತು 4 ಸೆಕೆಂಡು ಎಂದು ಬರುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಒಂದು ಉತ್ತರ ಮೈನಸ್ ಬಂದರೆ ಅದನ್ನು ಬಿಡಿ. ಆದರೆ ಬಿಡುವ ಮೊದಲು ಅದು ಏನು ಹೇಳುತ್ತಿದೆ ಅಂತ ಕೇಳಿ, ಮಜಾ ಇದೆ. 40 ಮೀಟರ್ ಎತ್ತರದ ಗೋಪುರದ ಮೇಲಿಂದ 10 ಮೀ/ಸೆ ವೇಗದಲ್ಲಿ ಮೇಲಕ್ಕೆ ಎಸೆದ ಕಲ್ಲು ನೆಲ ಮುಟ್ಟುವುದು ಯಾವಾಗ? ಮೇಲ್ಮುಖ ಪ್ಲಸ್ ಆದರೆ ಎಸ್ = −40. ಉತ್ತರಗಳು 4 ಸೆಕೆಂಡು ಮತ್ತು −2 ಸೆಕೆಂಡು. ನಮಗೆ ಬೇಕಾದ್ದು 4. ಹಾಗಾದರೆ −2 ಏನು? ಎಸೆಯುವ 2 ಸೆಕೆಂಡು ಮೊದಲು ಯಾರೋ ನೆಲದಿಂದ 30 ಮೀ/ಸೆ ವೇಗದಲ್ಲಿ ಕಲ್ಲು ಎಸೆದಿದ್ದರೂ ಅದು ಗೋಪುರದ ತುದಿಯನ್ನು ಸರಿಯಾಗಿ 10 ಮೀ/ಸೆ ವೇಗದಲ್ಲಿ ದಾಟುತ್ತಿತ್ತು. ಸಮೀಕರಣಕ್ಕೆ ಗೋಪುರದ ಮೇಲೆ ನಿಂತ ನೀವು ಗೊತ್ತಿಲ್ಲ, ಕಲ್ಲಿನ ದಾರಿಯಷ್ಟೇ ಗೊತ್ತು.

ಅಡ್ಡಕ್ಕೆ ಎಸೆದ ಕಲ್ಲು ನಿಧಾನಕ್ಕೆ ಬೀಳುತ್ತಾ?

ಇಲ್ಲ. ಅಡ್ಡ ಚಲನೆಯನ್ನೂ ಉದ್ದ ಚಲನೆಯನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆಯಿರಿ. ಎರಡಕ್ಕೂ ಸಾಮಾನ್ಯವಾದದ್ದು ಕಾಲ ಒಂದೇ. 1.25 ಮೀಟರ್ ಎತ್ತರದ ಮೇಜಿನ ಅಂಚಿನಿಂದ 3 ಮೀ/ಸೆ ವೇಗದಲ್ಲಿ ಜಾರಿದ ಗುಂಡು ಅರ್ಧ ಸೆಕೆಂಡಿಗೆ ನೆಲ ಮುಟ್ಟುತ್ತದೆ. ಸುಮ್ನೆ ಕೈಬಿಟ್ಟ ಗುಂಡಿಗೂ ಅಷ್ಟೇ ಕಾಲ. ಜಾರಿದ್ದು ಅಷ್ಟರಲ್ಲಿ 1.5 ಮೀಟರ್ ಮುಂದೆ ಹೋಗಿರುತ್ತದೆ. (ಗುರುತ್ವ 10 ಎಂದು ಹಿಡಿದಿದ್ದೇನೆ.)

ಉತ್ತರ ಸರಿಯಾಗಿದೆ ಅಂತ ನನಗೇ ಹೇಗೆ ಗೊತ್ತಾಗುತ್ತೆ?

ಎರಡು ದಾರಿ. ಮೊದಲು ಏಕಮಾನ ನೋಡಿ. ದೂರ ಕೇಳಿದಾಗ ಮೀ/ಸೆ ಬಂದರೆ ಎಲ್ಲೋ ಒಂದು ಟಿ ಬಿಟ್ಟುಹೋಗಿದೆ.

ಆಮೇಲೆ ಸಂಖ್ಯೆಯನ್ನು ಗೊತ್ತಿರುವ ಯಾವುದಾದರೂ ವೇಗದ ಪಕ್ಕದಲ್ಲಿಟ್ಟು ನೋಡಿ. ನಡೆಯುವ ಮನುಷ್ಯ ಸುಮಾರು 1.4 ಮೀ/ಸೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರ್ ಓಡಲು ತೆಗೆದುಕೊಂಡದ್ದು 9.58 ಸೆಕೆಂಡು, ಸರಾಸರಿ 10.4 ಮೀ/ಸೆ. 10 ಸೆಕೆಂಡಿನಲ್ಲಿ 100 ಕಿಮೀ/ಗಂ ಮುಟ್ಟುವ ಕಾರಿನ ಸರಾಸರಿ ವೇಗೋತ್ಕರ್ಷ 2.8 ಮೀ/ಸೆ². ಗಾಳಿಯಲ್ಲಿ ಶಬ್ದ ಸುಮಾರು 340 ಮೀ/ಸೆ. ನಿಮ್ಮ ಲೆಕ್ಕದ ಹುಡುಗ 45 ಮೀ/ಸೆ ವೇಗದಲ್ಲಿ ಓಡಿ ಬಸ್ಸು ಹಿಡಿದಿದ್ದರೆ ಪೆನ್ನು ಕೆಳಗಿಡಬೇಡಿ, ಇನ್ನೊಮ್ಮೆ ಮೇಲಿಂದ ಓದಿ.

ಕ್ಯಾಲ್ಕುಲೇಟರ್ 3.3333333 ತೋರಿಸ್ತಿದೆ. ಅಷ್ಟೂ ಬರೀಬೇಕಾ?

ಬೇಡ. ಲೆಕ್ಕದಲ್ಲಿ ಕೊಟ್ಟ ಸಂಖ್ಯೆಗಳೇ ಎರಡು ಅಂಕಿಯವು. 3.3 ಬರೆಯಿರಿ, ಪಕ್ಕದಲ್ಲಿ ಮೀ/ಸೆ² ಹಾಕಿ.